ಹೆರಾಲ್ಡ್ ಕೊಳ್ಳುವ ಮುಂಚೆ

ವಿದ್ಯಾನಗರ, ದಾವಣಗೆರೆ

ಚಿ. ಅನಿತಾಳಿಗೆ ಅತ್ತೆಯ ಆಶೀರ್ವಾದಗಳು.

ನೀನು ಕೊಳ್ಳಬೇಕೆಂದಿರುವ ಹಳೆಯ ಕಾರಿನ ಫೋಟೋಗಳನ್ನು ನೋಡಿದೆ. ಚಿತ್ರದುರ್ಗದ ಆ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿರುವುದು ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮಾರುವವರು ಅದನ್ನು 1962ರ ಗಾಡಿ ಎನ್ನುತ್ತಿದ್ದರೆ ಮೊದಲು ಆರ್‌ಸಿ ತೋರಿಸಲು ಹೇಳು. ಮದರಾಸಿನಲ್ಲಿ 1961ರಿಂದ ತಯಾರಾದ ಹೆರಾಲ್ಡ್‌ಗೆ ಎರಡೇ ಬಾಗಿಲು. ನಾಲ್ಕು ಬಾಗಿಲಿನ ಮಾರ್ಕ್ 3 ಮಾದರಿ ಬಂದದ್ದು ಆ ದಶಕದ ಕೊನೆಗೆ. ಅಪ್ಪನಿಗೆ ಈಗಲೇ ಹೇಳಬೇಡಿ ಎಂದು ಬರೆದಿದ್ದೀಯ. ಹೇಳುವುದಿಲ್ಲ. ಅವನು ನನ್ನ ತಮ್ಮ, ಅವನ ಕೂಗಾಟವನ್ನು ನಿನಗಿಂತ ಹೆಚ್ಚು ವರ್ಷ ಕೇಳಿದ್ದೇನೆ.

ಹಳೆಯ ಕಾರುಗಳಲ್ಲಿ ಜೀವವಿತ್ತು ಎಂದಿದ್ದೀಯಲ್ಲ, ಓದಿ ನಗು ಬಂತು. ಅವುಗಳಲ್ಲಿ ಇದ್ದದ್ದು ಹಟ. ನಮ್ಮ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೋ. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ಕಾರು. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಲಿವರ್, ಮುಂದೆ ಉದ್ದಕ್ಕೂ ಒಂದೇ ಸೀಟು. ಆ ಸೀಟಿನಲ್ಲಿ ನಿಮ್ಮ ಮಾವ, ನಾನು, ನಡುವೆ ನಿಮ್ಮ ಅಜ್ಜಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಳೆಗಾಲದಲ್ಲಿ ನೀರು ಹೊಕ್ಕರೆ ಪೆಡಲ್ ಒತ್ತಿದರೂ ಕಾರು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಬೇಸಿಗೆಯಲ್ಲಿ ಹಿರಿಯೂರಿನಿಂದ ದುರ್ಗದ ಕಡೆಗೆ ಬರುವಾಗ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ, ಪಂಪಿಗೆ ಎಳೆಯಲು ಏನೂ ಸಿಗದೆ ಎಂಜಿನ್ ನಿಂತುಬಿಡುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಮರದ ನೆರಳಿನಲ್ಲಿ ಕಾಯಬೇಕು. ಮಾವನಿಗೆ ಆ ತಾಳ್ಮೆ ಇರಲಿಲ್ಲ. ಲಾರಿ ಹತ್ತಿ ಊರು ಸೇರೋಣ ಎನ್ನುತ್ತಿದ್ದರು. ಹೀಗಾಗಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್, ಹೊತ್ತಿಗೆ ಸರಿಯಾಗಿ ಕಿಡಿ ಹಾರಿಸುವ ಪಾಯಿಂಟು, ಪ್ಲಗ್ಗು ಎಲ್ಲವೂ ನನ್ನ ಪಾಲಿಗೆ ಬಂದವು. ಪಾಯಿಂಟು ಸುಟ್ಟಿದ್ದರೆ ಎಮರಿ ಕಾಗದದಿಂದ ಉಜ್ಜಿ, ಫೀಲರ್ ಗೇಜ್ ಎಂಬ ಅಳತೆಯ ತೆಳು ಪಟ್ಟಿ ತೂರಿಸಿ ಸಂದು ಸರಿಮಾಡಿದರೆ ಎಂಜಿನ್ ಒಂದೇ ಏಟಿಗೆ ಚಾಲೂ ಆಗುತ್ತಿತ್ತು. ಆ ಸದ್ದಿಗೆ ಈಗಲೂ ನನ್ನ ಜೀವ ಎಳೆಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ನನ್ನ ನೆನಪು, ಅದನ್ನು ನಂಬಿ ನೀನು ದುಡ್ಡು ಹಾಕಬೇಡ.

ಮೊದಲು ಮೇಸ್ತ್ರಿಯನ್ನು ಹುಡುಕು, ಕಾರು ಆಮೇಲೆ. ಇಲ್ಲಿಯ ಹಳೇ ಪಿ.ಬಿ. ರಸ್ತೆಯಲ್ಲಿ ಕಾರ್ಬೊರೇಟರನ್ನು ಕಿವಿಯಿಂದಲೇ ಹೊಂದಿಸುತ್ತಿದ್ದವರು ಹಲವರಿದ್ದರು. ಈಗಿನ ಹುಡುಗರು ಜಾಣರು, ಆದರೆ ಸ್ಕ್ಯಾನರ್ ಚುಚ್ಚಲು ಜಾಗವಿಲ್ಲದ ಕಾರು ಕಂಡರೆ ಕೈಚೆಲ್ಲುತ್ತಾರೆ. ಹೆರಾಲ್ಡ್ ಬಿಚ್ಚಿ ಜೋಡಿಸಿದ ಒಂದು ಕೈ ದುರ್ಗದಲ್ಲೋ ಇಲ್ಲೋ ಸಿಗಬೇಕು. ಅವರ ಬಳಿ ಒಬ್ಬ ಶಿಷ್ಯನೂ ಇದ್ದರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ಈ ಪತ್ರದ ಉಳಿದ ಭಾಗವನ್ನು ಓದುವ ಅಗತ್ಯವಿಲ್ಲ.

ಇಟಲಿಯ ಮಿಕೆಲೋಟಿ ವಿನ್ಯಾಸ ಮಾಡಿದ ಕಾರು ಅದು, ಚೆಲುವಿಗೆ ಕೊರತೆಯಿಲ್ಲ. ಮಡ್‌ಗಾರ್ಡು, ದೀಪ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ; ಮುಂದಿನ ಟೈರಿನ ಮೇಲೆ ಕುಳಿತು ಎಂಜಿನ್ ಕೆಲಸ ಮಾಡಬಹುದು. ಅದಕ್ಕೆ ಮರುಳಾಗದೆ ಕೆಳಗೆ ಬಗ್ಗಿ ಚಾಸಿ, ಅಂದರೆ ಕಾರಿನ ಅಡಿಯ ಕಬ್ಬಿಣದ ಚೌಕಟ್ಟು ನೋಡು. ಚಾಸಿಯಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊತ್ತ ತೋಳುಗಳು ತುಕ್ಕು ತಿಂದಿದ್ದರೆ ಮೇಲಿನ ಬಣ್ಣ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ತಗಡಿನ ಮೇಲೆ ಆಡಿಸು. ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆ ಎಂದು ತಿಳಿ. ಹಿಂದಿನ ಬಾಗಿಲುಗಳನ್ನಂತೂ ಎರಡು ಸಲ ನೋಡು. ಎಂಜಿನ್ ಸಾಮಾನಿಗೆ ನಾನು ಹೆದರುವುದಿಲ್ಲ. ಇದರ ತವರು ಇಂಗ್ಲೆಂಡಿನ ಟ್ರಯಂಫ್; ಅಲ್ಲಿ ಹೆರಾಲ್ಡ್‌ನ ಬಿಡಿಭಾಗಗಳು ಈಗಲೂ ತಯಾರಾಗುತ್ತವೆ, ತರಿಸಿಕೊಳ್ಳಬಹುದು. ಆದರೆ ನಾಲ್ಕು ಬಾಗಿಲಿನದು ಅಲ್ಲಿ ಹುಟ್ಟಲೇ ಇಲ್ಲ, ನಮ್ಮ ದೇಶದಲ್ಲಿ ಮಾತ್ರ ತಯಾರಾಯಿತು. ಆ ಬಾಗಿಲು ಕೊಳೆತಿದ್ದರೆ ಒಳ್ಳೆಯ ಟಿಂಕರ್ ಕೈಯಲ್ಲಿ ಹೊಸ ತಗಡು ಬಡಿಸುವುದೊಂದೇ ದಾರಿ.

ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಎಂಬ ವಿಂಟೇಜ್ ನಂಬರ್ ಸಿಗುತ್ತದೆ ಎಂದು ನಿನ್ನ ಸ್ನೇಹಿತ ಹೇಳಿದ್ದು ನಿಜ. 2021ರ ನಿಯಮ, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕಷ್ಟೇ ಹೊರಗೆ ತೆಗೆಯಬೇಕು. ನಿನಗೆ ಅದು ಬೇಡ. ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡಿಸು. ಶುಲ್ಕ ಕಟ್ಟಬೇಕು, ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ತೋರಿಸಬೇಕು, ಇರಲಿ. ನಿಲ್ಲಿಸಿದ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ: ಬ್ರೇಕ್ ಸಿಲಿಂಡರಿನ ರಬ್ಬರುಗಳು ಅಂಟಿಕೊಳ್ಳುತ್ತವೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಸೈಲೆನ್ಸರ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಹೊಳಲ್ಕೆರೆವರೆಗಾದರೂ ಹೋಗಿ ಬಾ. ಜೋಗಿಮಟ್ಟಿ ಗುಡ್ಡಕ್ಕೆ ಹೋದರೆ ಇಳಿಯುವ ತಿರುವುಗಳಲ್ಲಿ ಮಾತ್ರ ಥಟ್ಟನೆ ಬ್ರೇಕ್ ಒತ್ತಬೇಡ, ಈ ಕಾರಿನ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಸ್ವಭಾವದ್ದು.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಂ ಎಂಬ ಪೊರೆ ಅದನ್ನು ತಾಳುವುದಿಲ್ಲ; ಬಿರುಕು ಬಿಟ್ಟರೆ ಬಿಸಿ ಎಂಜಿನ್ನಿನ ಮೇಲೆಯೇ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಕೊಂಡ ದಿನವೇ ಅವನ್ನೆಲ್ಲ ಬದಲಿಸಿಬಿಡು. ಎಥನಾಲ್ ತೇವವನ್ನೂ ಹೀರುತ್ತದೆ, ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಬಿಡಬೇಡ. ಬೆಂಕಿ ನಂದಿಸುವ ಚಿಕ್ಕ ಸಿಲಿಂಡರ್ ಒಂದು ಸೀಟಿನ ಕೆಳಗಿರಲಿ.

ಇಷ್ಟು ದುಡ್ಡಿಗೆ ಹೊಸ ಕಾರೇ ಬರುತ್ತಿತ್ತಲ್ಲ ಎಂದು ಮುಂದೊಂದು ದಿನ ನಿನ್ನ ಅಪ್ಪ ಅನ್ನುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇರುತ್ತದೆ, ವಾದಕ್ಕೆ ಇಳಿಯಬೇಡ.

ಭಾನುವಾರ ಬೆಳಗಿನ ಬಸ್ಸಿಗೆ ದುರ್ಗಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡ. ಆಗಾಗ ಚಾಲೂ ಮಾಡುತ್ತೇವೆ ಎನ್ನುತ್ತಾರಲ್ಲ ಆ ಮಾಲೀಕರು, ಅಂದು ನಾನು ಬರುವ ಮೊದಲು ಎಂಜಿನ್ ಮುಟ್ಟುವುದು ಬೇಡವೆಂದು ಹೇಳಿರು. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ ಎಂದು ನೋಡಬೇಕು. ಟಾರ್ಚು, ಹಳೆಯ ಗೋಣಿಚೀಲ ತೆಗೆದಿಡು. ಕೆಳಗೆ ಮಲಗಿ ನೋಡುವವಳು ನೀನೇ.

ನಿನ್ನ ಅತ್ತೆ