ಹಂಪಿಗೆ ಒಬ್ಬನೇ ಹೊರಟ ಗೆಳೆಯನಿಗೆ, ಆ 39 ಗ್ರಾಂ ಕ್ಯಾಮೆರಾ ಕುರಿತು

ಪ್ರೀತಿಯ ಗೆಳೆಯಾ,

ಡಿಸೆಂಬರ್ ಕೊನೆಯ ವಾರ ಒಬ್ಬನೇ ಹಂಪಿಗೆ ಹೊರಟಿದ್ದೀಯ, ಇನ್‌ಸ್ಟಾ360 ಗೋ 3ಎಸ್ ಎಂಬ ಪುಟ್ಟ ಕ್ಯಾಮೆರಾ ಕೊಂಡಿದ್ದೀಯ, ಮೂರು ದಿನದ ತಿರುಗಾಟವನ್ನೆಲ್ಲ ಅದರಲ್ಲೇ ಹಿಡಿಯಬೇಕು, ಹೇಗೆ ಅಂತ ಕೇಳಿ ಬರೆದಿದ್ದೀಯ. ನೀನು ಕೇಳಿದ್ದನ್ನೇ ಇನ್ನೂ ಹಲವರು ಕೇಳುತ್ತಿರುವುದರಿಂದ ಉತ್ತರವನ್ನು ಎಲ್ಲರಿಗೂ ಕಾಣುವಂತೆ ಇಲ್ಲೇ ಬರೆಯುತ್ತಿದ್ದೇನೆ.

ಕ್ಯಾಮೆರಾದ ತೂಕ 39 ಗ್ರಾಂ. ಅಷ್ಟು ಹಗುರ ಮಾಡುವುದಕ್ಕೆ ಮೂರು ಕಡೆ ಕತ್ತರಿ ಹಾಕಿದ್ದಾರೆ: ಬ್ಯಾಟರಿ, ಬಿಸಿ ಹೊರಹೋಗುವ ಮೈ, ಬೆಳಕು ಹಿಡಿಯುವ ಸೆನ್ಸರ್. ಇದರಲ್ಲಿ ಕೆಡುವ ಎಷ್ಟೋ ಕ್ಲಿಪ್ಪುಗಳ ಹಿಂದೆ ಈ ಮೂರರಲ್ಲಿ ಒಂದು ಇರುತ್ತದೆ. ಹಾಗಾಗಿ ಕ್ಯಾಮೆರಾವನ್ನು ನಿನ್ನ ದಿನಕ್ಕೆ ಹೊಂದಿಸಲು ಹೋಗಬೇಡ, ನಿನ್ನ ದಿನವನ್ನು ಕ್ಯಾಮೆರಾಕ್ಕೆ ಹೊಂದಿಸಿಕೋ. ಪ್ರತಿಯಾಗಿ ಅದು ನಿನ್ನ ಎರಡೂ ಕೈಗಳನ್ನು ಖಾಲಿ ಬಿಡುತ್ತದೆ. ಒಬ್ಬನೇ ಬಂಡೆ ಹತ್ತುವವನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಬ್ಯಾಟರಿ ವಿಷಯ. ಕ್ಯಾಮೆರಾ ಒಂದೇ ಇದ್ದರೆ 38 ನಿಮಿಷ, ಜೊತೆಗೆ ಬರುವ ಆಕ್ಷನ್ ಪಾಡ್ (ಕ್ಯಾಮೆರಾ ಕೂರಿಸುವ, ಪರದೆಯಿರುವ ಚಾರ್ಜಿಂಗ್ ಗೂಡು) ಸೇರಿದರೆ 140 ನಿಮಿಷ ಎಂಬುದು ಕಂಪನಿಯ ಲೆಕ್ಕ. ಆ ಲೆಕ್ಕ 1080ಪಿ ಗುಣಮಟ್ಟದ್ದು. ಅದಕ್ಕಿಂತ ಹೆಚ್ಚು ಸ್ಪಷ್ಟತೆಯ 4ಕೆ ಹಾಕಿ, ಫೋನಿನ ಜೊತೆ ವೈಫೈ ಜೋಡಿಸಿ ಇಟ್ಟರೆ ಅಷ್ಟು ಬರುವುದಿಲ್ಲ. ಆದರೆ 38 ನಿಮಿಷ ಕಡಿಮೆಯೇನಲ್ಲ. ಒಂದು ಕ್ಲಿಪ್ಪಿಗೆ 10 ಸೆಕೆಂಡು, ದಿನಕ್ಕೆ 60 ಕ್ಲಿಪ್ ಎಂದಿಟ್ಟುಕೊಂಡರೂ ಒಟ್ಟು 10 ನಿಮಿಷ. ಬೆಳಿಗ್ಗೆ ಆನ್ ಮಾಡಿ ಸಂಜೆವರೆಗೆ ಓಡಲಿ ಎಂದು ಬಿಡುವವರಿಗೆ ಮಾತ್ರ ಬ್ಯಾಟರಿ ಸಾಲುವುದಿಲ್ಲ. ಅವರಿಗೆ ಕೊನೆಗೆ ಉಳಿಯುವುದೂ ಗಂಟೆಗಟ್ಟಲೆ ನೆಲ ಮತ್ತು ಆಕಾಶ. ಎರಡು ಜಾಗದ ನಡುವೆ ನಡೆಯುವಾಗ, ಊಟ ಮಾಡುವಾಗ ಕ್ಯಾಮೆರಾವನ್ನು ಪಾಡಿನೊಳಗೆ ಕೂರಿಸು, ಅಲ್ಲೇ ಚಾರ್ಜ್ ಆಗುತ್ತಿರುತ್ತದೆ. ಪವರ್ ಬ್ಯಾಂಕ್ 10,000 ಎಂಎಎಚ್‌ನದ್ದು ಒಂದು ಸಾಕು. ವಿಮಾನದಲ್ಲಿ ಹೋಗುವುದಾದರೆ ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ.

ಇದರಲ್ಲಿ ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇಲ್ಲ. 64 ಅಥವಾ 128 ಜಿಬಿ ಒಳಗೇ ಇದೆ, ಅದು ತುಂಬಿದರೆ ಕೆಲಸ ನಿಂತಿತು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಬರೆದರೆ ನಿಮಿಷಕ್ಕೆ ಸುಮಾರು 750 ಎಂಬಿ. ದಿನಕ್ಕೆ 10 ನಿಮಿಷವೆಂದರೆ ಏಳೂವರೆ ಜಿಬಿ. ಪ್ರತಿ ರಾತ್ರಿ ಲಾಡ್ಜಿನಲ್ಲಿ ಪಾಡಿಗೆ ಟೈಪ್-ಸಿ ಕೇಬಲ್ ಹಾಕಿ ಲ್ಯಾಪ್‌ಟಾಪಿಗೋ ಫೋನಿಗೋ ಇಳಿಸಿಕೋ. ವೈಫೈ ಮೂಲಕ ಇಳಿಸಿದರೆ ಹೊತ್ತೂ ಹೋಗುತ್ತದೆ, ಚಾರ್ಜೂ ಹೋಗುತ್ತದೆ. ಎರಡು ಕಡೆ ಪ್ರತಿ ಆಗುವವರೆಗೆ ಕ್ಯಾಮೆರಾದಿಂದ ಏನನ್ನೂ ಅಳಿಸಬೇಡ. ಅಳಿಸುವಾಗಲೂ ಕಂಪ್ಯೂಟರಿನಿಂದ ಒಂದೊಂದು ಫೈಲ್ ತೆಗೆಯುವ ಬದಲು ಕ್ಯಾಮೆರಾದ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡು.

ಇನ್ನು ಮ್ಯಾಗ್ನೆಟ್. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಕೊರಳಿಗೆ ಹಾಕುವ ಮ್ಯಾಗ್ನೆಟ್ ಪೆಂಡೆಂಟ್ ಅಂಗಿಯ ಒಳಗೆ ಇರುತ್ತದೆ, ಕ್ಯಾಮೆರಾ ಹೊರಗಿನಿಂದ ಅಂಟಿಕೊಳ್ಳುತ್ತದೆ. ನಡುವೆ ಒಂದೇ ಪದರ ತೆಳು ಹತ್ತಿ ಬಟ್ಟೆ ಇದ್ದರೆ ಗಟ್ಟಿ ಹಿಡಿತ. ಸ್ವೆಟರು, ಜಾಕೆಟ್ಟು ಬಂದರೆ ಹಿಡಿತ ಸಡಿಲ, ಒಂದು ನೆಗೆತಕ್ಕೇ ಬೀಳುತ್ತದೆ. ದೊಗಲೆ ಅಂಗಿಯಲ್ಲಿ ಇನ್ನೊಂದು ತೊಂದರೆ: ಹೆಜ್ಜೆ ಹಾಕಿದಂತೆಲ್ಲ ಬಟ್ಟೆಯೇ ಜೋಲಾಡುತ್ತದೆ. ಆ ಅಲುಗಾಟವನ್ನು ಕ್ಯಾಮೆರಾದ ಸ್ಥಿರೀಕರಣ ಪೂರ್ತಿ ತಿದ್ದಲಾರದು. ಮೈಗಂಟುವ ಟೀ ಶರ್ಟ್ ಹಾಕು, ಪೆಂಡೆಂಟಿನ ದಾರ ಗಿಡ್ಡ ಮಾಡಿ ಎದೆಗೂಡಿನ ಗಟ್ಟಿ ಮೂಳೆಯ ಮೇಲೆ ಕೂರುವಂತೆ ನೋಡಿಕೋ. ಬ್ಯಾಗಿಗೆ ಎದೆಯ ಮೇಲೆ ಅಡ್ಡಪಟ್ಟಿ ಇದ್ದರೆ ಅದು ಕ್ಯಾಮೆರಾಕ್ಕಿಂತ ಕೆಳಗಿರಲಿ.

ಏರು ಹತ್ತುವಾಗ ಮೈ ತಾನಾಗಿ ಮುಂದೆ ಬಾಗುತ್ತದೆ, ಆಗ ಲೆನ್ಸು ನಿನ್ನ ಚಪ್ಪಲಿ ನೋಡುತ್ತಿರುತ್ತದೆ. ಲೆನ್ಸನ್ನು 10ರಿಂದ 15 ಡಿಗ್ರಿ ಮೇಲ್ಮುಖ ಮಾಡು. ಅದಕ್ಕೆ ಪೆಂಡೆಂಟಿನ ಕೆಳ ಅಂಚಿನ ಹಿಂದೆ ಕರವಸ್ತ್ರದ ಒಂದು ಮಡಿಕೆ ಇಟ್ಟರೂ ಆಯಿತು. ಟೋಪಿಯ ಅಂಚಿಗೆ ಕ್ಲಿಪ್ ಹಾಕಿದರೆ ನೋಟ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಆದರೆ ಕತ್ತು ತಿರುಗಿಸಿದ ವೇಗದಲ್ಲೇ ಚಿತ್ರವೂ ತಿರುಗುತ್ತದೆ. ನಾವು ದಿನವಿಡೀ ಎಷ್ಟು ಬೇಗ ಬೇಗ ಕತ್ತು ಹೊರಳಿಸುತ್ತೇವೆ ಎಂಬುದು ನಮಗೇ ಗೊತ್ತಿರುವುದಿಲ್ಲ. ಟೋಪಿ ಬಳಸುವಾಗ ಕತ್ತು ಬಿಟ್ಟು ಭುಜ ಸಮೇತ ನಿಧಾನ ತಿರುಗು.

ರೈಲಿನಲ್ಲಿ ಕಿಟಕಿಯ ಕಂಬಿಗೆ ನೇರ ಅಂಟಿಸಬಹುದು, ಸೊಗಸಾದ ಚಿತ್ರ ಬರುತ್ತದೆ. ಆದರೆ ಎಲ್ಲ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಅಲ್ಯುಮಿನಿಯಮ್ಮಿಗಂತೂ ಇಲ್ಲವೇ ಇಲ್ಲ. ಮೊದಲು ಕೈ ಬಿಡದೆ ಒತ್ತಿ ನೋಡು, ಅಂಟಿದರೂ ದಾರ ಕಟ್ಟು, ಯಾವಾಗಲೂ ಕಿಟಕಿಯ ಒಳಗಡೆಗೇ ಇಡು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರ ಎದೆಗೆ ಈ ಪೆಂಡೆಂಟ್ ತಾಗಲೇಬಾರದು. ಸಹಪ್ರಯಾಣಿಕರು ಕುತೂಹಲಕ್ಕೆ ಕೊರಳಿಗೆ ಹಾಕಿ ನೋಡಲು ಕೇಳಿದರೆ ಇದು ನೆನಪಿರಲಿ.

ಬೆಳಕಿನ ಮಾತಿಗೆ ಸೂರ್ಯೋದಯ ನೋಡಲು ಜನ ಹತ್ತುವ ಹಂಪಿಯ ಮತಂಗ ಬೆಟ್ಟವನ್ನೇ ತೆಗೆದುಕೊಳ್ಳೋಣ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6.45ರ ಆಸುಪಾಸು, ಅಂದರೆ ನೀನು ಹತ್ತಬೇಕಾದದ್ದು ಕತ್ತಲಲ್ಲಿ. ಕ್ಯಾಮೆರಾದ ಸೆನ್ಸರ್ 1/2.3 ಇಂಚಿನ ಚಿಕ್ಕದು, ಕತ್ತಲಲ್ಲಿ ಅದಕ್ಕೆ ಬೆಳಕು ಸಾಲದು. ಟಾರ್ಚ್ ಬೆಳಕಿನಲ್ಲಿ ಹತ್ತುವ ದೃಶ್ಯ ಹಿಡಿದರೆ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತು) ನಿಧಾನವಾಗಿ ಪ್ರತಿ ಫ್ರೇಮೂ ಮಸುಕಾಗುತ್ತದೆ. ಸ್ಥಿರೀಕರಣ ಆ ಫ್ರೇಮುಗಳನ್ನು ಜೋಡಿಸಿ ನಿಲ್ಲಿಸುತ್ತದೆ, ಮಸುಕು ಮಾತ್ರ ಹಾಗೇ ಉಳಿಯುತ್ತದೆ. ನೋಡುವವರಿಗೆ ಇಡೀ ಚಿತ್ರ ನಡುಗಿದಂತೆ ಕಾಣುತ್ತದೆ. ಇದನ್ನು ಎಡಿಟಿಂಗಿನಲ್ಲಿ ಸರಿ ಮಾಡಲು ಆಗುವುದಿಲ್ಲ. ಹತ್ತುವ ದೃಶ್ಯ ಬೇಕೇ ಬೇಕೆಂದರೆ ಹಿಂದಿನ ದಿನ ಸಂಜೆ 4ಕ್ಕೆ ಅರ್ಧ ಬೆಟ್ಟದವರೆಗೆ ಹೋಗಿ ಹಿಡಿದುಕೊಂಡು ಬಾ. ದಾರಿಯೂ ಪರಿಚಯವಾಗುತ್ತದೆ. ಬೆಳಗಿನ ಜಾವ ಒಂಟಿಯಾಗಿ ಹೋಗಬೇಡ, ಲಾಡ್ಜಿನವರನ್ನು ಕೇಳಿ ಹೋಗುವವರ ಜೊತೆ ಸೇರಿಕೋ, ಹೋಗುವುದನ್ನು ಅವರಿಗೆ ತಿಳಿಸಿಯೇ ಹೊರಡು.

ನಡೆಯುತ್ತಾ ಹಿಡಿಯುವಾಗ ಶಟರ್ 1/200 ಸೆಕೆಂಡು ಅಥವಾ ಅದಕ್ಕಿಂತ ವೇಗವಾಗಿರಲಿ. ಅದಕ್ಕೆ ಬೆಳಕು ಸಾಲದಿದ್ದರೆ ನಡೆಯಬೇಡ, ಕ್ಯಾಮೆರಾವನ್ನು ಎಲ್ಲಾದರೂ ಇಟ್ಟು ಹಿಡಿ. ಹಗಲಿಗೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕು ಎಂದು ಹಲವರು ಹೇಳುತ್ತಾರೆ. ಈ ಕ್ಯಾಮೆರಾದಲ್ಲಿ ನಡೆಯುವ ದೃಶ್ಯಕ್ಕೆ ಅದು ಬೇಡ ಎಂದೇ ನನ್ನ ಅಭಿಪ್ರಾಯ. ಅದು ಶಟರನ್ನು ನಿಧಾನಗೊಳಿಸಿ ಇದೇ ನಡುಕವನ್ನು ಹಾಡುಹಗಲಲ್ಲೂ ತರುತ್ತದೆ.

ಬೆಟ್ಟದ ತುದಿಯಲ್ಲಿ ಎಲ್ಲರೂ ಸೂರ್ಯನ ಕಡೆ ಮುಖ ಮಾಡಿರುತ್ತಾರೆ. ಸೂರ್ಯ ಮೇಲೆ ಬಂದ ಹತ್ತು ನಿಮಿಷದ ಮೇಲೆ ನೀನು ಹಿಂದೆ ತಿರುಗು. ವಿರೂಪಾಕ್ಷ ಗುಡಿಯ ಗೋಪುರ ಪಶ್ಚಿಮಕ್ಕಿದೆ, ಎಳೆಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಆದರೆ ಈ ಅಗಲ ಲೆನ್ಸಿನಲ್ಲಿ ಅಷ್ಟೆತ್ತರದ ಗೋಪುರ ಬೆಂಕಿಕಡ್ಡಿಯಷ್ಟು ಕಾಣುತ್ತದೆ. ಅದನ್ನು ಫೋನಿನ ಜೂಮ್ ಲೆನ್ಸಿನಲ್ಲಿ ಹಿಡಿ. ಚಿಕ್ಕ ಕ್ಯಾಮೆರಾಕ್ಕೆ ಕೈಯಳತೆಯಲ್ಲಿ ಇರುವುದನ್ನು ಕೊಡು: ಕಾಲಡಿಯ ಬಂಡೆ, ಅದರಾಚೆ ಅಚ್ಯುತರಾಯ ಗುಡಿ. ಹತ್ತಿರದ್ದೊಂದು ವಸ್ತು ಚೌಕಟ್ಟಿನಲ್ಲಿ ಇಲ್ಲದಿದ್ದರೆ ಅಗಲ ಲೆನ್ಸಿನ ಚಿತ್ರ ಸಪ್ಪೆ. ಅಂಚಿನಲ್ಲಿ ನಿಂತು ಪರದೆ ನೋಡುತ್ತಾ ಹಿಂದೆ ಹೆಜ್ಜೆ ಇಡುವುದನ್ನು ಯಾವ ಕಾರಣಕ್ಕೂ ಮಾಡಬೇಡ.

ಮಂಟಪಗಳ ಕಂಬಸಾಲಿನಲ್ಲಿ ನಡೆಯುವಾಗ ನೆರಳು ಬಿಸಿಲು ಒಂದಾದ ಮೇಲೊಂದು ಬಂದು ಆಟೋ ಎಕ್ಸ್‌ಪೋಷರ್ (ಚಿತ್ರದ ಬೆಳಕನ್ನು ಕ್ಯಾಮೆರಾ ತಾನೇ ಹೊಂದಿಸುವುದು) ಉಸಿರಾಡಿದಂತೆ ಏರಿಳಿಯುತ್ತದೆ. ಬಿಸಿಲಿಗೆ ಲೆಕ್ಕ ಹಾಕಿ ಎಕ್ಸ್‌ಪೋಷರ್ ಲಾಕ್ ಮಾಡು, ನೆರಳು ಕಪ್ಪಾದರೆ ಆಗಲಿ. ಉಳಿದಂತೆ ಇವಿ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಆಯ್ಕೆ) ಮೈನಸ್ 0.3 ಇಟ್ಟರೆ ಆಕಾಶ ಬಿಳುಚಿಕೊಳ್ಳುವುದಿಲ್ಲ. ರಾತ್ರಿ ಅಂಗಡಿ ಬೀದಿಯಲ್ಲಿ ಚಿತ್ರದ ಮೇಲೆ ಪಟ್ಟೆ ಪಟ್ಟೆ ಓಡುವುದು ಬಲ್ಬಿನಿಂದ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಪೂರ್ತಿ ಸುತ್ತುಗಳೇ ಸಿಗುತ್ತವೆ, ಪಟ್ಟೆ ಹೋಗುತ್ತದೆ. ಮೆನುವಿನಲ್ಲಿ ಆಂಟಿ-ಫ್ಲಿಕರ್ 50 ಹರ್ಟ್ಸ್ ಆಗಿದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೊರಡು.

ಬಿಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರಿನಲ್ಲೂ ಮಧ್ಯಾಹ್ನ ಹಂಪಿಯ ಬಂಡೆ ಸುಡುತ್ತದೆ. ಕಾದ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು 4ಕೆಯಲ್ಲಿ ಬಿಡದೆ ಓಡಿಸಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಆಗುತ್ತದೆ. ಕ್ಲಿಪ್ 30 ಸೆಕೆಂಡು ದಾಟದಿರಲಿ, ಉದ್ದನೆಯದು ಬೇಕಾದರೆ 1080ಪಿಗೆ ಇಳಿಸು, ಬಿಸಿಲಿನಲ್ಲಿ ಚಾರ್ಜ್ ಮಾಡುತ್ತಾ ಹಿಡಿಯಬೇಡ.

ನಿನ್ನನ್ನು ನೀನೇ ಹಿಡಿಯುವುದು ಹೇಗೆ ಎಂದು ಕೇಳಿದ್ದೆ. ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ವಿಡಿಯೋ ಚಿತ್ರೀಕರಣಕ್ಕೆ ಪ್ರತ್ಯೇಕ ಶುಲ್ಕವಿದೆ, ಟಿಕೆಟ್ ಕೌಂಟರಿನಲ್ಲೇ ಕೇಳಿ ಚೀಟಿ ಮಾಡಿಸಿಕೋ. ಕಲ್ಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕೆತ್ತನೆಯ ಮೇಲೆ ಅಂಟುಪಟ್ಟಿ ಹಚ್ಚುವುದು ದೊಡ್ಡ ತಪ್ಪು, ಅದನ್ನು ಯೋಚಿಸಲೂ ಬೇಡ. ಅಂಗೈಯಗಲದ ಬಟ್ಟೆಚೀಲಕ್ಕೆ 200 ಗ್ರಾಂ ರಾಗಿ ಹಾಕಿ ಬಾಯಿ ಹೊಲಿದುಕೋ. ಕೆತ್ತನೆ ಇಲ್ಲದ ಬಯಲು ಬಂಡೆಯ ಮೇಲೆ ಅದನ್ನಿಟ್ಟು ಕ್ಯಾಮೆರಾ ಒತ್ತಿದರೆ ಯಾವ ಕೋನದಲ್ಲೂ ನಿಲ್ಲುತ್ತದೆ. ಕ್ಯಾಮೆರಾ ಮಂಡಿಯೆತ್ತರದಲ್ಲಿದ್ದರೆ ಬಂಡೆಗಳು ತಮ್ಮ ಗಾತ್ರಕ್ಕೆ ತಕ್ಕಂತೆ ಕಾಣುತ್ತವೆ. ಆನ್ ಮಾಡಿ ಹೋಗಿ, 5 ಸೆಕೆಂಡು ಖಾಲಿ ಜಾಗ ಬಿಟ್ಟು ಒಳಬಂದು, ದಾಟಿ ಹೋದ ಮೇಲೂ 5 ಸೆಕೆಂಡು ಬಿಡು. ಕತ್ತರಿಸಲು ಆ ಖಾಲಿ ಜಾಗವೇ ಬೇಕಾಗುತ್ತದೆ. ಇಪ್ಪತ್ತು ಹೆಜ್ಜೆಗಿಂತ ದೂರ ಹೋಗಬೇಡ. ಕೋತಿಗಳು ಕಂಡ ಕಡೆ ಇಡಲೇಬೇಡ, ಹೊಳೆಯುವ ಚಿಕ್ಕ ವಸ್ತು ಅವುಗಳ ಕೈಗೆ ಹೋದರೆ ಮತ್ತೆ ಸಿಗುವುದಿಲ್ಲ.

ತಳವಾರಘಟ್ಟದಿಂದ ಆನೆಗೊಂದಿ ಕಡೆಗೆ ತೆಪ್ಪದಲ್ಲಿ ದಾಟುವ ಆಸೆ ನಿನಗಿದೆ. ಅಣೆಕಟ್ಟಿನಿಂದ ನದಿಗೆ ನೀರು ಹೆಚ್ಚು ಬಿಟ್ಟಾಗ ತೆಪ್ಪ ಹಾಕುವುದಿಲ್ಲ, ಅದಕ್ಕೆ ಒಂದು ದಿನ ಸಡಿಲ ಇಟ್ಟುಕೋ. ಕ್ಯಾಮೆರಾ 10 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಪಾಡ್ ತಡೆಯುವುದಿಲ್ಲ. ಅದಕ್ಕೆ ಸಿಡಿದ ಹನಿ ತಡೆಯುವಷ್ಟೇ ಶಕ್ತಿ. ತೆಪ್ಪ ಹತ್ತುವ ಮೊದಲೇ ಪಾಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿಗೆ ಹಾಕು. ಲೈಫ್ ಜಾಕೆಟ್ ಹಾಕಿಕೊಂಡರೆ ಅದರ ದಪ್ಪಕ್ಕೆ ಪೆಂಡೆಂಟ್ ಕೆಲಸ ಮಾಡುವುದಿಲ್ಲ. ಹಾಗಂತ ಜಾಕೆಟ್ ಬಿಡಬೇಡ, ಕ್ಯಾಮೆರಾವನ್ನು ಟೋಪಿಗೆ ಕ್ಲಿಪ್ ಮಾಡಿ ದಾರವನ್ನು ಜಾಕೆಟ್ಟಿನ ಪಟ್ಟಿಗೆ ಕಟ್ಟು. ಹನಿ ಬಿದ್ದ ಲೆನ್ಸನ್ನು ಅಂಗಿಯಿಂದ ಒರೆಸದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸು. ಬೆರಳಿನ ಎಣ್ಣೆ, ಸನ್‌ಸ್ಕ್ರೀನ್ ಹತ್ತಿದ ಲೆನ್ಸು ಬಿಸಿಲಿಗೆ ತಿರುಗಿದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತಾಗುತ್ತದೆ.

ಸದ್ದು ಈ ಕ್ಯಾಮೆರಾದ ಬಲವಲ್ಲ. ಎದೆಯ ಮೇಲಿದ್ದಾಗ ನಿನ್ನ ಮಾತು ಚೆನ್ನಾಗಿ ಕೇಳುತ್ತದೆ, ಆದರೆ ಬಟ್ಟೆ ಉಜ್ಜುವುದೂ ಏದುಸಿರೂ ಕೇಳುತ್ತವೆ. ಗಾಳಿ ತಗ್ಗಿಸುವ ಆಯ್ಕೆಯನ್ನು ಬಾಡಿಗೆ ಸ್ಕೂಟರಿನಲ್ಲಿ ಆನ್ ಮಾಡು, ಗುಡಿಯ ಬಳಿ ಆಫ್ ಮಾಡು, ಇಲ್ಲದಿದ್ದರೆ ಗಂಟೆಯ ಆಳದ ನಾದವೇ ಹೋಗಿಬಿಡುತ್ತದೆ. ತೆಪ್ಪದ ಹುಟ್ಟು, ಘಟ್ಟದ ನೀರು, ಬೆಳಗಿನ ಹಕ್ಕಿ, ಇವನ್ನು ಫೋನಿನ ರೆಕಾರ್ಡರಿನಲ್ಲಿ 30 ಸೆಕೆಂಡು ಬೇರೆಯಾಗಿ ಹಿಡಿದುಕೋ. ವಿವರಣೆಯನ್ನು ರಾತ್ರಿ ಕೋಣೆಯಲ್ಲಿ ಫ್ಯಾನ್ ಆರಿಸಿ ಹೇಳು.

ಇದು ಕ್ಯಾಮೆರಾ ಎಂದು ಜನರಿಗೆ ಗೊತ್ತೇ ಆಗುವುದಿಲ್ಲ. ನಿನ್ನ ಹೊಣೆ ಹೆಚ್ಚುವುದೇ ಅದರಿಂದ. ರೆಕಾರ್ಡಿಂಗ್ ದೀಪ ಯಾವತ್ತೂ ಆರಿಸಬೇಡ. ನದಿ ದಂಡೆಯಲ್ಲಿ ಸ್ನಾನ ಮಾಡುವವರು, ಬಟ್ಟೆ ಒಗೆಯುವವರು ಇದ್ದರೆ ಕ್ಯಾಮೆರಾ ತೆಗೆದು ಜೇಬಿಗೆ ಹಾಕು. ವಿರೂಪಾಕ್ಷ ಗುಡಿಯಲ್ಲಿ ಪೂಜೆ ನಡೆಯುತ್ತದೆ, ಗರ್ಭಗುಡಿಯತ್ತ ಲೆನ್ಸ್ ತಿರುಗಿಸಬೇಡ. ತೆಪ್ಪದವರನ್ನು "ಅಣ್ಣಾ, ವಿಡಿಯೋ ಮಾಡ್ಲಾ?" ಅಂತ ಕೇಳು, ಬೇಡ ಅಂದರೆ ಅವರ ಕೈ ಮಾತ್ರ ಹಿಡಿಯುತ್ತೇನೆ ಎಂಬ ಚೌಕಾಸಿಯೂ ಬೇಡ. ವಿಡಿಯೋಗಳನ್ನು ಆ ಜಾಗ ಬಿಟ್ಟ ಮೇಲೆ ಹಾಕು, ಒಬ್ಬನೇ ಇರುವವನು ಎಲ್ಲಿದ್ದೇನೆಂದು ಆಗಿಂದಾಗ ಸಾರುವುದು ಕ್ಷೇಮವಲ್ಲ.

ಹೊರಡುವ ಹಿಂದಿನ ಭಾನುವಾರ ಹಂಪಿಗೆ ಹಾಕುವ ಅದೇ ಅಂಗಿ, ಅದೇ ಬ್ಯಾಗ್ ಹಾಕಿಕೊಂಡು ನಿನ್ನ ಬಡಾವಣೆಯಲ್ಲಿ ಒಂದು ಗಂಟೆ ನಡೆ, ಮೆಟ್ಟಿಲು ಹತ್ತು, ಒಂದು ಸಲ ಓಡು. ದೊಡ್ಡ ಪರದೆಯಲ್ಲಿ ಹಾಕಿ ನೋಡಿದರೆ ಕೋನ ಎಷ್ಟು ತಪ್ಪಿದೆ, ಬಟ್ಟೆ ಎಷ್ಟು ಕುಣಿಯುತ್ತದೆ ಎಂಬುದೆಲ್ಲ ಕಾಣುತ್ತದೆ. ಅದರ ಒಂದೆರಡು ಕ್ಲಿಪ್ ನನಗೂ ಕಳಿಸು, ಕೋನ ನೋಡಿ ಹೇಳುತ್ತೇನೆ.

ಇಂತಿ ನಿನ್ನ ಗೆಳೆಯ