ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹತ್ತು ದಿನ ಊರಿಗೆ ಹೋಗಿ ಬಂದು ನಿನ್ನೆ ಕಾರಿನ ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕ ತೆಂಗಿನ ನಾರು, ಅರ್ಧ ಚಪಾತಿ! ಇಲಿರಾಯರು ಸಂಸಾರವನ್ನೇ ಹೂಡಿದ್ದರು. ವೈರುಗಳ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಹೀಗಾಗಿದ್ದರೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ, ಶಾರ್ಟ್ ಆಗಬಹುದು. ಫೋಟೊ ತೆಗೆದು, ರಿಪೇರಿಗೆ ಕೊಡುವ ಮೊದಲೇ ವಿಮೆಯವರಿಗೆ ತಿಳಿಸಿ. ಥರ್ಡ್ ಪಾರ್ಟಿ ವಿಮೆಯಷ್ಟೇ ಇದ್ದರೆ ಪರಿಹಾರ ಸಿಗುವುದಿಲ್ಲ. ಉಳಿದವರು ಪಾಲಿಸಿಯ ಷರತ್ತು ಓದಿಕೊಳ್ಳಿ.

ಹೊಗೆಸೊಪ್ಪು ಕಟ್ಟಿ ನೋಡಿದ್ದೆ. ವಾರದಲ್ಲಿ ಘಾಟು ಹೋಯಿತು, ಇಲಿ ಬಂತು. ಪಾಷಾಣ ಮಾತ್ರ ಬೇಡ: ಎಂಜಿನ್ ಸಂದಿಯಲ್ಲಿ ಸತ್ತರೆ ನಾತ ತಡೆಯಲಾಗದು, ನಮ್ಮ ಬೆಕ್ಕುಗಳಿಗೂ ಅಪಾಯ. ಬೋನು ನಾನು ತರುತ್ತೇನೆ. ಲಿಫ್ಟ್ ಪಕ್ಕದ ಕಸದ ಡಬ್ಬಿಯನ್ನು ಇಂದೇ ಗೇಟಿನ ಬಳಿಗೆ ಸಾಗಿಸೋಣ. ಸಂಜೆ 6ಕ್ಕೆ ಇಬ್ಬರು ಕೈಜೋಡಿಸಿದರೆ ಸಾಕು.