ಕೊಟ್ಟ ಡೈಲಾಗ್ ಹೇಳದ ಮಗು

ಪ್ರೀತಿಯ ಚಿನ್ನು,

ನಿನ್ನೆ ಫೋನಿನಲ್ಲಿ ನೀನು ಆ ಪಾಪುವಿನ ಮೇಲೆ ರೇಗುತ್ತಿದ್ದದ್ದು ಕೇಳಿ ನನಗೆ ನಗು ಬಂತು. ನಿನ್ನ ಕಿರುಚಿತ್ರಕ್ಕೆ ಕರೆತಂದ ಮಗು ಕೊಟ್ಟ ಡೈಲಾಗ್ ಹೇಳುವುದಿಲ್ಲ, ಕ್ಯಾಮೆರಾ ಮುಂದೆ ನಿಂತರೆ ಬೇರೆ ಏನೋ ಶುರು ಮಾಡುತ್ತದೆ ಅಂತ ತಾನೇ ನಿನ್ನ ದೂರು? ಇಷ್ಟು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳು ಹೇಳುತ್ತೇನೆ ಕೇಳು. ನಾಲ್ಕು ವರ್ಷದ ಮಗು ನೀನು ಬರೆದದ್ದನ್ನು ಹೇಳುವುದಿಲ್ಲ. ಹೇಳಿದರೂ ಸ್ಕೂಲ್ ಡೇ ಭಾಷಣದ ಹಾಗೆ ಇರುತ್ತದೆ.

ಡಾನ್ ಹರ್ಟ್ಸ್‌ಫೆಲ್ಟ್ ಅಂತ ಅಮೆರಿಕದ ಒಬ್ಬ ಅನಿಮೇಷನ್ ನಿರ್ದೇಶಕ ಇದ್ದಾನೆ. 2015ರಲ್ಲಿ ‘ವರ್ಲ್ಡ್ ಆಫ್ ಟುಮಾರೋ’ ಅಂತ ಒಂದು ಚಿತ್ರ ಮಾಡಿದ. ಬರೀ 17 ನಿಮಿಷ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು, ಆಸ್ಕರ್‌ಗೂ ನಾಮನಿರ್ದೇಶನ ಆಯಿತು. ಪ್ರಶಸ್ತಿ ಇರಲಿ ಬಿಡು. ಅವನಿಗೂ ನಿನ್ನದೇ ಪಾಡು. ಒಡಹುಟ್ಟಿದವರ ನಾಲ್ಕು ವರ್ಷದ ಮಗಳು, ವಿನೋನಾ ಮೇ ಅಂತ, ಅವಳ ದನಿ ಬೇಕಿತ್ತು. ಅಷ್ಟು ಚಿಕ್ಕವಳಿಗೆ ಹೀಗೆ ಹೇಳು, ಹಾಗೆ ಹೇಳು ಅನ್ನೋಕಾಗುತ್ತಾ? ಅವಳ ಜೊತೆ ಕೂತು ಚಿತ್ರ ಬಿಡಿಸಿದ, ಆಟ ಆಡಿದ, ಹರಟಿದ. ಅವಳ ಪಾಡಿಗೆ ಅವಳು ಮಾತಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಆಮೇಲೆ ಆ ಮಾತಿನ ಸುತ್ತ ಕತೆ ಹೆಣೆದ.

ಕತೆ ಹೀಗಿದೆ. ಎಮಿಲಿ ಅನ್ನೋ ಪುಟಾಣಿಗೆ ಒಂದು ವಿಡಿಯೋ ಕರೆ ಬರುತ್ತದೆ. ಆ ಕಡೆ ಇರುವವಳೂ ಎಮಿಲಿಯೇ. 227 ವರ್ಷ ಮುಂದಿನ ಕಾಲದಲ್ಲಿರುವ ಅವಳ ತದ್ರೂಪಿ, ಅಂದರೆ ಕ್ಲೋನ್, ದೊಡ್ಡ ಹೆಂಗಸು. ಸಾವನ್ನು ಮುಂದೂಡುವುದಕ್ಕೆ ಆ ಕಾಲದ ಜನ ತಮ್ಮ ನೆನಪನ್ನೆಲ್ಲ ತದ್ರೂಪಿಗೆ ತುಂಬುತ್ತಾರೆ. ಅಷ್ಟು ದುಡ್ಡಿಲ್ಲದಿದ್ದರೆ ಒಂದು ಡಬ್ಬಿಯೊಳಗೆ ತುಂಬುತ್ತಾರೆ. ಎಮಿಲಿಯ ತಾತ ಇರುವುದು ಅಂಥ ಡಬ್ಬಿಯಲ್ಲಿ. ಅಲ್ಲಿಂದ ಅವನು ಕಳಿಸುವ ಸಂದೇಶ ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಜುಮ್ಮೆನ್ನುತ್ತದೆ.

ದೊಡ್ಡವಳು ತನ್ನ ಬದುಕನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ. ಚಂದ್ರನ ಮೇಲೆ ಕೆಲಸ ಮಾಡುವಾಗ ಒಂದು ಕಲ್ಲನ್ನು ಪ್ರೀತಿಸಿದ್ದಳಂತೆ! ಅಲ್ಲಿನ ರೋಬೋಟುಗಳಿಗೆ ಸಾವಿನ ಭಯ ತುಂಬಿ ಬಿಟ್ಟಿದ್ದಾರೆ. ಕತ್ತಲಾದರೆ ಸತ್ತೇ ಹೋಗುತ್ತೇವೆ ಅಂತ ಅವು ಬಿಸಿಲಿನ ಹಿಂದೆ ಹಿಂದೆ ನಡೆಯುತ್ತಲೇ ಇರುತ್ತವೆ, ನಿಲ್ಲುವುದೇ ಇಲ್ಲ. ಆಮೇಲೆ ಒಬ್ಬನನ್ನು ಮದುವೆಯಾದಳು, ಅವನು ತೀರಿಕೊಂಡ. ಇದನ್ನೆಲ್ಲ ಅವಳು ಬ್ಯಾಂಕಿನ ರೆಕಾರ್ಡೆಡ್ ದನಿಯ ಹಾಗೆ, ಏರಿಳಿತವೇ ಇಲ್ಲದೆ ಹೇಳುತ್ತಾಳೆ. ಜೂಲಿಯಾ ಪಾಟ್ ಅನ್ನೋ ಅನಿಮೇಷನ್ ಕಲಾವಿದೆಯ ದನಿ ಅದು. ಕೇಳುವ ಪುಟಾಣಿಗೆ ಏನೂ ಅರ್ಥವಾಗುವುದಿಲ್ಲ. ‘ಓಕೆ’ ಅನ್ನುತ್ತಾಳೆ. ಕಂಡ ಗುಂಡಿಯನ್ನೆಲ್ಲ ಒತ್ತುತ್ತಾಳೆ. ಒಮ್ಮೆಯಂತೂ, ನಾನು ಇವತ್ತು ಊಟ ಮಾಡಿದೆ ಅಂತಾಳೆ.

ಆ ಜಾಗದಲ್ಲಿ ನಾನು ವಿಡಿಯೋ ನಿಲ್ಲಿಸಿ ಮತ್ತೆ ನೋಡಿದೆ. ಒಬ್ಬಳು ಏನೇನೋ ದೊಡ್ಡ ಸಂಗತಿ ಹೇಳುತ್ತಿದ್ದರೆ ಇನ್ನೊಬ್ಬಳಿಗೆ ಊಟದ ಸುದ್ದಿ. ಎಷ್ಟು ಯೋಚಿಸಿ ಕೂತರೂ ಅದನ್ನು ಬರೆಯೋಕಾಗಲ್ಲ, ಅಲ್ವಾ? ನೀನು ಎಡಿಟಿಂಗ್‌ನಲ್ಲಿ ಕತ್ತರಿಸಿ ಬಿಸಾಡುವಂಥ ಮಾತನ್ನೇ ಹರ್ಟ್ಸ್‌ಫೆಲ್ಟ್ ಆರಿಸಿ ಇಟ್ಟುಕೊಂಡಿದ್ದಾನೆ.

ಚಿತ್ರ ಬಿಡಿಸಿರುವುದೂ ಹಾಗೇ. ಗೋಡೆ ಮೇಲೆ ಮಕ್ಕಳು ಗೀಚುವ ಕಡ್ಡಿ ಮನುಷ್ಯರು, ಕಣ್ಣಿಗೆ ಎರಡು ಚುಕ್ಕಿ. ಹಿಂದೆ ಮಾತ್ರ ಬಣ್ಣವೋ ಬಣ್ಣ. ಈ ಚಿತ್ರಕ್ಕೂ ಮುಂಚೆ ಅವನು ಕಾಗದದ ಮೇಲೆ ಬಿಡಿಸಿ, ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್ ಹಿಡಿಯುತ್ತಿದ್ದನಂತೆ. ಕಂಪ್ಯೂಟರಿನಲ್ಲಿ ಮಾಡಿದ ಮೊದಲ ಚಿತ್ರ ಇದು.

ದೊಡ್ಡ ಎಮಿಲಿ ಅಷ್ಟು ದೂರದ ಕಾಲದಿಂದ ಯಾಕೆ ಕರೆ ಮಾಡಿದಳು ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಉಲ್ಕೆ ಬಿದ್ದು ಭೂಮಿ ನಾಶವಾಗುವ ದಿನ ಹತ್ತಿರವಾಗಿದೆ. ಅಷ್ಟರೊಳಗೆ ಅವಳಿಗೆ ಪುಟಾಣಿಯ ತಲೆಯಲ್ಲಿರುವ ಒಂದು ನೆನಪು ಬೇಕು. ಅಮ್ಮನ ಜೊತೆ ನಡೆದು ಹೋದ ನೆನಪು. ದೊಡ್ಡದೇನಲ್ಲ, ಸುಮ್ನೆ ನಡೆದದ್ದು. ಅದನ್ನು ತೆಗೆದುಕೊಂಡುಬಿಡುತ್ತಾಳೆ. ತನ್ನದೇನು ಹೋಯಿತು ಅಂತ ಆ ಮಗುವಿಗೆ ಗೊತ್ತೇ ಇಲ್ಲ! ನನಗೆ ಅಳು ಬಂದದ್ದು ಅಲ್ಲೇ. ನಿನ್ನಪ್ಪ ಮಾತ್ರ, ಇದೇನೇ ಕಡ್ಡಿ ಬೊಂಬೆ ನೋಡಿ ಅಳ್ತೀಯ ಅಂದರು. ಅವರಿಗೆ ಪೂರ್ತಿ ತೋರಿಸಿದ ಮೇಲೆ ಸುಮ್ಮನಾದರು.

2017ರಲ್ಲಿ ಎರಡನೇ ಭಾಗವೂ ಬಂತು. ಅದರಲ್ಲೂ ಅದೇ ಮಗುವಿನ ದನಿ, ಒಂದು ವರ್ಷ ದೊಡ್ಡವಳಾದಾಗಿನದು. ಅದೂ ಚೆನ್ನಾಗಿದೆ. ಆದರೆ ಜಾಸ್ತಿ ಸುತ್ತಾಡಿಸುತ್ತದೆ, ನನಗೆ ಮೊದಲನೆಯದೇ ಇಷ್ಟ.

ಭಾನುವಾರ ಶೂಟಿಂಗ್ ಅಂದೆಯಲ್ಲ, ಸ್ಕ್ರಿಪ್ಟನ್ನು ಬ್ಯಾಗಿನಲ್ಲೇ ಇಡು. ಮಗುವಿಗೆ ಮೊದಲು ತಿಂಡಿ ಕೊಡು, ಕ್ರೇಯಾನ್ ಕೊಡು. ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಟ್ಟು ನೀನೂ ಬಣ್ಣ ಹಚ್ಚುತ್ತಾ ಕೂತುಕೋ. ಮಧ್ಯಾಹ್ನ ನಿದ್ದೆಯ ಹೊತ್ತಿಗೆ ಮಾತ್ರ ಎಳೆದಾಡಬೇಡ. ಅದು ಏನೇನು ಹೇಳಿತು ಅಂತ ಒಂದನ್ನೂ ಕತ್ತರಿಸದೆ ವಾಟ್ಸಾಪಿನಲ್ಲಿ ನನಗೂ ಕಳಿಸು.

ನಿನ್ನ
ಅಮ್ಮ